ತುಟಿ ನನ್ನದು, ಬ್ಯಾಂಡು ಅವರದು

ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿದ ವರ್ಷ ಕೊಳ್ಳೇಗಾಲದಲ್ಲಿ ನಮ್ಮ ಬ್ಯಾಂಡ್ ಸೆಟ್ ಹುಟ್ಟಿತು. ಕನ್ನಡದ ಮೇಲಿನ ಅಭಿಮಾನದಿಂದ ಹುಟ್ಟಿತು ಎಂದು ಆಮೇಲೆ ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಹಾಗೇನೂ ಇರಲಿಲ್ಲ. ಇನ್ನು ಮುಂದೆ ಮೈಸೂರಿನ ಕಡೆಯ ಅಧಿಕಾರಿಗಳು ಬರುತ್ತಾರೆ, ಬಂದವರ ಕಣ್ಣಿಗೆ ಮೊದಲು ತಾನೇ ಬೀಳಬೇಕು ಎಂದು ನಮ್ಮೂರಿನ ರೇಷ್ಮೆ ಸಾಹುಕಾರರೊಬ್ಬರಿಗೆ ಅನ್ನಿಸಿತ್ತು. ಹಾರ ಯಾರು ಬೇಕಾದರೂ ಹಾಕುತ್ತಾರೆ. ಬ್ಯಾಂಡು ಬಾರಿಸಿ ಬರಮಾಡಿಕೊಳ್ಳುವವರು ಇರಲಿಲ್ಲ. ಬೆಂಗಳೂರು ದಂಡಿನ ಹಳೇ ಸಾಮಾನಿನ ಅಂಗಡಿಯಿಂದ ಕಾರ್ನೆಟ್ಟು ಅನ್ನುವ ಮೋಟು ತುತ್ತೂರಿ, ಕ್ಲಾರಿನೆಟ್ಟು, ದಪ್ಪ ಸ್ವರದ ಯುಫೋನಿಯಂ, ಡ್ರಮ್ಮು ಎಲ್ಲ ಲಾರಿಯಲ್ಲಿ ಬಂದಿಳಿದವು. ದೊಡ್ಡ ಡ್ರಮ್ಮಿನ ತೊಗಲಿನ ಮೇಲೆ ಯಾವುದೋ ಪಲ್ಟನ್ನಿನ ಗುರುತಿತ್ತು. ಅದನ್ನು ಉಜ್ಜಿ ಅಳಿಸಿ ಸಾಹುಕಾರರ ಹೆಸರನ್ನು ಕೆಂಪು ಬಣ್ಣದಲ್ಲಿ ಬರೆಸಿದರು. ಊದುವವರು ಯಾರು ಅನ್ನುವ ಮಾತು ಬಂದದ್ದು ಅದಾದ ಮೇಲೆ.

ಊದುವವರು ನಾವೇ, ಇನ್ಯಾರು? ಕ್ಷೌರ, ವಾಲಗ ಎರಡೂ ನಮ್ಮ ಬೀದಿಯವರ ಕಸುಬು. ನಮ್ಮಪ್ಪ ನಾಗಸ್ವರ ಊದುತ್ತಿದ್ದ. ನನಗೆ ಆಗ ತಾನೇ ಮದುವೆಯಾಗಿತ್ತು. ಅಪ್ಪನ ಪಕ್ಕ ಕೂತು ಶ್ರುತಿ ಹಿಡಿಯುತ್ತಿದ್ದೆ. ಶ್ರುತಿ ಹಿಡಿಯುವುದೆಂದರೆ ಒಂದೇ ಸ್ವರವನ್ನು ಉಸಿರು ಕಡಿಯದಂತೆ ಊದುತ್ತಾ ಕೂತಿರುವುದು. ಮುಹೂರ್ತ ಮುಗಿಯುವ ತನಕ ಕಲ್ಲಿನ ಹಾಗೆ ಒಂದೇ ಸ್ವರ. ಎದೆಯಲ್ಲಿ ದಮ್ಮು ತುಂಬಿತ್ತು, ಆದರೆ ಅದಕ್ಕೆ ಹೋಗಲು ದಾರಿಯಿರಲಿಲ್ಲ. ಸಾಹುಕಾರರ ಗೋಡೌನಿನಲ್ಲಿ ಕಾರ್ನೆಟ್ಟು ನೋಡಿದ ದಿನ ನಾನು ಮನೆಗೆ ಬಂದು ಶ್ರುತಿಯ ವಾದ್ಯವನ್ನು ಗೂಟಕ್ಕೆ ತಗುಲಿಸಿದೆ.

ಅಪ್ಪನಿಗೆ ಸಿಟ್ಟು ಬಂತು. "ಅದೂ ಒಂದು ವಾದ್ಯವೇನ್ಲಾ? ಒಲೆ ಊದ್ದಂಗೆ ಕೊಳ್ವೆ ಊದೋದು! ತಾತ ಮುತ್ತಾತ್ರು ಊದಿದ್ದ ಬುಟ್ಬುಟ್ಟು, ಅವ್ನು ಕೊಟ್ಟ ಅಂಗಿ ಆಕಂಡು ಬೀದೀಲಿ ಕುಣೀತೀಯಾ?"

"ಕುಣಿಯೋದಲ್ಲ ಕಣಪ್ಪಾ, ನಡ್ಕಂಡು ಊದೋದು."

"ನಮ್ಮೋರು ನಡ್ಕಂಡು ಊದೋದು ಎಣ ಓಗುವಾಗ ಕಣ್ಲಾ," ಅಂದ ಅಪ್ಪ. ಆಮೇಲೆ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ.

ನಮಗೆ ಕಲಿಸಲು ಬಂದವರು ಸೈನ್ಯದ ಬ್ಯಾಂಡಿನಲ್ಲಿದ್ದು ನಿವೃತ್ತರಾದ ಒಬ್ಬರು. ರಾಮಾಪುರ ದಾಟಿ, ಗಡಿಯ ಹತ್ತಿರದ ತಮಿಳು ಮಾತಾಡುವ ಹಳ್ಳಿಯವರು; ಕ್ರೈಸ್ತರು. ಊರವರು ಮಿಲಿಟರಿ ಮೇಷ್ಟ್ರು ಅನ್ನುತ್ತಿದ್ದರು. ರೇಷ್ಮೆಗೂಡಿನ ವಾಸನೆ ಹೊಡೆಯುವ ಗೋಡೌನಿನ ಹಿಂದಿನ ಕೋಣೆಯಲ್ಲಿ ಅವರ ವಾಸ. ಬಡಕಲು ಮೈ, ಯಾವಾಗಲೂ ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು. ಶುರುವಿನಲ್ಲಿ ಅವರು ನನ್ನ ಕೈಗೆ ಕಾರ್ನೆಟ್ಟನ್ನೇ ಕೊಡಲಿಲ್ಲ. ಬಾಯಿಗೆ ಇಡುವ ಪುಟ್ಟ ಬಟ್ಟಲಿನಂಥ ತುಂಡೊಂದನ್ನು ಮಾತ್ರ ಬಿಚ್ಚಿ ಕೊಟ್ಟರು. ಅದನ್ನು ತುಟಿಗೆ ಒತ್ತಿ ಜೀರುಂಡೆಯ ಹಾಗೆ ಸದ್ದು ಮಾಡಬೇಕು. ತುಟಿ ಊದಿಕೊಂಡು ಮನೆಗೆ ಹೋದರೆ ಹೆಂಡತಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. "ಜೇನುಳ ಕಚ್ಚುಸ್ಕಂಡು ಬಂದ್ರಾ?"

ಮೇಷ್ಟ್ರು ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡುತ್ತಿದ್ದರು. ಕಾರ್ನೆಟ್ಟಿನ ಮೇಲಿನ ಒತ್ತುಗುಂಡಿಗಳನ್ನು ತೋರಿಸಿ ಅನ್ನುತ್ತಿದ್ದರು: "ತಂಬಿ, ಪಿಸ್ಟನ್ ಮೂರೇ ಮೂರು. ಬಾಕಿ ಎಲ್ಲಾ ಉದಡು. ಉದಡು ಹೋಯ್ತು ಅಂದ್ರೆ ನೀನೂ ಹೋಯ್ತು." ಉದಡು ಅಂದರೆ ಅವರ ಮಾತಿನಲ್ಲಿ ತುಟಿ. ಅವರೇ ನನಗೆ ಐದು ಗೆರೆ ಎಳೆದು ಅದರ ಮೇಲೆ ಸ್ವರ ಬರೆಯುವುದನ್ನು ಕಲಿಸಿದರು. ನನ್ನ ಜೊತೆಗೇ ಕಲಿತವನು ನಮ್ಮ ಪಕ್ಕದ ಮನೆಯವನು, ನನ್ನ ಓರಗೆಯ ಸ್ನೇಹಿತ. ಅವನಿಗೆ ಕ್ಲಾರಿನೆಟ್ಟು ಕೊಟ್ಟರು. ನಾವಿಬ್ಬರೂ ಸೇರಿ ಮೊದಲ ಸಲ ಒಂದು ಮಾರ್ಚನ್ನು ತಪ್ಪಿಲ್ಲದೆ ಮುಗಿಸಿದಾಗ ಮೇಷ್ಟ್ರು ಅಟೆನ್ಶನ್ನಿನಲ್ಲಿ ನಿಂತು ಸೆಲ್ಯೂಟ್ ಹೊಡೆದರು. ನನಗೆ ಜೀವಮಾನದಲ್ಲಿ ಸಿಕ್ಕ ಮರ್ಯಾದೆ ಅದೊಂದೇ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ.

ಮೈಸೂರಿನಿಂದ ಮೊದಲ ಅಧಿಕಾರಿ ಬಂದರು. ಕೆಂಪು ಕೋಟು ತೊಟ್ಟು, ಬಿಸಿಲಲ್ಲಿ ಬೆವರುತ್ತಾ ನಾವು ಊದಿದೆವು. ಅಧಿಕಾರಿ ಜೀಪಿನಿಂದಿಳಿದು ನೆಟ್ಟಗೆ ಸಾಹುಕಾರರ ಕೈ ಕುಲುಕಿ, "ಬಹಳ ಚೆನ್ನಾಗಿ ನುಡಿಸಿದಿರಿ," ಅಂದರು. ಸಾಹುಕಾರರು ಕೈಮುಗಿದು, "ಎಲ್ಲಾ ತಮ್ಮ ಆಶೀರ್ವಾದ," ಅಂದರು. ಆ ಮನುಷ್ಯ ಹುಟ್ಟಿದಾಗಿನಿಂದ ಊದಿದ್ದೆಂದರೆ ಬಿಸಿ ಕಾಫಿಯನ್ನು ಮಾತ್ರ. ಆದರೆ ಹೊಗಳಿಕೆಯನ್ನು ಅವರು ಇಸಿದುಕೊಂಡ ಚೆಂದ ನೋಡಿ ನನಗೇ ಒಂದು ಗಳಿಗೆ ಅವರೇ ಊದಿದರೇನೋ ಅನ್ನಿಸಿತು.

ಆಮೇಲೆ ಮದುವೆಗಳು ಶುರುವಾದವು. ಕೊಳ್ಳೇಗಾಲ, ಹನೂರು, ಯಳಂದೂರು, ಕಾಡಂಚಿನ ಹಳ್ಳಿಗಳು. ಜಮೀನುದಾರರ ಮನೆಗಳಲ್ಲಿ ಬ್ಯಾಂಡಿಲ್ಲದ ಮದುವೆ ಮದುವೆಯೇ ಅಲ್ಲ ಅನ್ನುವಷ್ಟಾಯಿತು. ಬರಬರುತ್ತಾ ನನಗೊಂದು ಕೊರತೆ ಕಾಣಿಸಿತು. ನಮ್ಮ ಹತ್ತಿರ ಇದ್ದದ್ದು ಮಿಲಿಟರಿಯ ಮಾರ್ಚುಗಳು, ಜೊತೆಗೆ ಕಲಿತುಕೊಂಡ ಒಂದಿಷ್ಟು ತಮಿಳು ಹಾಡು. ದಿಬ್ಬಣಕ್ಕೆ ಅವು ಸಾಕು. ಹೆಣ್ಣು ಒಪ್ಪಿಸಿಕೊಡುವಾಗ ಊದಲು ಏನೂ ಇರಲಿಲ್ಲ. ಹುಡುಗಿ ಅಳುತ್ತಾ ಗಾಡಿ ಹತ್ತುವಾಗ ನಾವು ಕವಾಯಿತಿನ ಮಾರ್ಚು ಊದುತ್ತಿದ್ದೆವು.

ನಮ್ಮವ್ವ ರಾಗಿ ಬೀಸುವ ಕೂಲಿಗೆ ಹೋಗುತ್ತಿದ್ದಳು. ಸಾಹುಕಾರರ ಮನೆಯ ಹಿತ್ತಿಲಿನಲ್ಲೇ ಎಷ್ಟೋ ವರ್ಷ ಬೀಸಿದಳು. ಬೀಸುವಾಗ ತವರು ಬಿಟ್ಟು ಹೋಗುವ ಹೆಣ್ಣಿನ ಪದವೊಂದನ್ನು ಹೇಳಿಕೊಳ್ಳುತ್ತಿದ್ದಳು. ಕಲ್ಲು ಸುತ್ತಿದಷ್ಟೂ ಪದ ಸುತ್ತುತ್ತಿತ್ತು. ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಹಾಕುವಾಗ ಪದ ತಟಕ್ಕನೆ ನಿಲ್ಲುತ್ತಿತ್ತು. ಕಲ್ಲಿನ ಗರಗರ ಮಾತ್ರ ಕೇಳುತ್ತಿತ್ತು. ಮತ್ತೆ ಪದ ಹೊರಡುತ್ತಿತ್ತು. ಆ ಪದವನ್ನು ನಾನು ಬ್ಯಾಂಡಿಗೆ ಇಳಿಸಿದೆ. ಮೊದಲು ಕಾರ್ನೆಟ್ಟು ಒಂಟಿಯಾಗಿ. ಎರಡನೇ ಸುತ್ತಿಗೆ ಕ್ಲಾರಿನೆಟ್ಟು ಮೇಲಿನಿಂದ ಸೇರಬೇಕು, ಅತ್ತಿಗೆಯೋ ತಂಗಿಯೋ ಬಂದು ಜೊತೆಗೆ ಕೂತ ಹಾಗೆ. ಯುಫೋನಿಯಂ ತಳದಲ್ಲಿ ಕಲ್ಲಿನ ಹಾಗೆ ಸುತ್ತುತ್ತಿರಬೇಕು. ಅವ್ವ ನಿಲ್ಲಿಸುತ್ತಿದ್ದ ಕಡೆಯೆಲ್ಲ ನಾನೂ ನಿಲ್ಲಿಸಿದೆ. ಅಲ್ಲಿ ಸಣ್ಣ ಡ್ರಮ್ಮಿನ ಮೇಲೆ ಕಡ್ಡಿ ಉರುಳುವ ಸದ್ದೊಂದೇ.

ಮೇಷ್ಟ್ರು ಕಣ್ಣುಮುಚ್ಚಿ ಪೂರ್ತಿ ಕೇಳಿದರು. "ಈ ಪಾಟ್ಟು ಯಾರ್ದು?" ಅಂದರು.

"ನಮ್ಮವ್ವಂದು ಸಾ."

"ಅವ್ವ ಹಾಡಿದ್ದು ಅವ್ವಂದು ತಂಬಿ. ನಾಲ್ಕು ಬಾಯಿಗೆ ಹಂಚಿದ್ದು ನಿಂದು. ಯಾರ್ ಕೇಳಿದ್ರೂ ಹಾಂಗೇ ಹೇಳು."

ಯಾರೂ ಕೇಳಲಿಲ್ಲ. ಆ ಮಟ್ಟು ಎರಡು ವರ್ಷದಲ್ಲಿ ಸುತ್ತಮುತ್ತ ಹಬ್ಬಿತು. ಹೆಣ್ಣು ಒಪ್ಪಿಸುವಾಗ ಅದೇ ಬೇಕು ಎಂದು ಜನ ಕೇಳಿ ಬರುತ್ತಿದ್ದರು. ಕೇಳುವಾಗ "ಸಾವ್ಕಾರ್ರ ಮಟ್ಟು" ಅನ್ನುತ್ತಿದ್ದರು. ಡ್ರಮ್ಮಿನ ಮೇಲೆ ಇದ್ದ ಹೆಸರು ಅದೇ ತಾನೇ.

ಹನೂರಿನಲ್ಲಿ ದೊಡ್ಡ ಜಮೀನುದಾರರೊಬ್ಬರ ಮನೆಯ ಮದುವೆ. ಹೆಣ್ಣು ಒಪ್ಪಿಸುವಾಗ ಆ ಮಟ್ಟು ಊದಿದೆ. ಚಪ್ಪರದಲ್ಲಿ ಅಳದವರು ಇರಲಿಲ್ಲ. ಆಮೇಲೆ ನಮ್ಮನ್ನು ಊಟಕ್ಕೆ ಕೂರಿಸಿದರು, ಯಾವಾಗಿನಂತೆ ಕೊಟ್ಟಿಗೆಯ ಹಿಂದೆ. ಸಗಣಿಯ ಗುಡ್ಡೆಯಿಂದ ನಾಲ್ಕು ಮಾರು ಆಚೆ ಎಲೆ ಹಾಕಿದ್ದರು. ಮದುಮಗಳ ಅಜ್ಜಿ ಕೋಲೂರಿಕೊಂಡು ಅಲ್ಲಿಗೇ ಬಂದಳು.

"ಆ ಪದ ಊದ್ದೋನು ಯಾವನ್ಲಾ?"

"ನಾನೇ ಕಣವ್ವಾ."

"ಮೊಗೀನ ಕಳ್ಸೋವಾಗ ನಾ ಅಳಬಾರ್ದು ಅಂತ ಗಟ್ಟಿಯಾಗಿ ಕುಂತಿದ್ದೆ. ಅಳುಸ್ಬುಟ್ಟಲ್ಲೋ ನೀನು!" ಅಂದವಳು ಸೆರಗಿನಲ್ಲಿ ಮುಚ್ಚಿ ತಂದಿದ್ದ ಒಬ್ಬಟ್ಟನ್ನು ನನ್ನ ಎಲೆಗೆ ಹಾಕಿದಳು. ಕೈಯನ್ನು ಎತ್ತರಕ್ಕೆ ಹಿಡಿದು, ಎಲ್ಲಿ ತಾಗೀತೋ ಎಂದು ಮೇಲಿನಿಂದ ಬಿಟ್ಟಳು. ಒಬ್ಬಟ್ಟು ಎಲೆಯ ಅಂಚಿಗೆ ಬಿದ್ದು ಅರ್ಧ ಮಣ್ಣಿಗೆ ತಾಗಿತು. ಅವಳ ಕಣ್ಣಲ್ಲಿ ಇನ್ನೂ ನೀರಿತ್ತು. ಆ ಕಣ್ಣೀರು ಸುಳ್ಳಲ್ಲ, ಆ ಎತ್ತರವೂ ಸುಳ್ಳಲ್ಲ. ನನ್ನ ಪಕ್ಕ ಕೂತಿದ್ದ ಸ್ನೇಹಿತ, "ತಿನ್ಲಾ, ಮಣ್ಣ ಒರುಸ್ಕಂಡು ತಿನ್ನು," ಅಂದ. ನಾನು ತಿನ್ನಲಿಲ್ಲ. ಅವನೇ ತಿಂದ.

ಕೆಲವು ವರ್ಷಗಳ ಮೇಲೆ ಮೇಷ್ಟ್ರಿಗೆ ಉಬ್ಬಸ ಹೆಚ್ಚಾಗಿ ಅವರು ತಮ್ಮ ಹಳ್ಳಿಗೆ ಹೊರಟುಹೋದರು. ಹೋಗುವಾಗ ಸಾಹುಕಾರರು ಮನೆಯಲ್ಲಿರಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಕಳಿಸಿಕೊಟ್ಟವನು ನಾನೊಬ್ಬನೇ. ಮುಂದಿನ ಮದುವೆಯ ಕಾಲದಲ್ಲಿ ಒಂದು ದಿನ ಅವರ ಅಳಿಯ ಬೆಳಗಿನ ಬಸ್ಸಿಗೆ ಕೊಳ್ಳೇಗಾಲಕ್ಕೆ ಬಂದ. ಹಿಂದಿನ ಸಂಜೆ ಮೇಷ್ಟ್ರು ತೀರಿಕೊಂಡಿದ್ದರು. ಮಣ್ಣಿಗಿಡುವಾಗ ನಾನು ಬಂದು ಕಾರ್ನೆಟ್ಟು ಊದಬೇಕು ಎಂದು ಹೇಳಿ ಹೋಗಿದ್ದರಂತೆ. ಅದೇ ದಿನ ನಮ್ಮ ಬ್ಯಾಂಡು ಯಳಂದೂರಿಗೆ, ಎರಡು ದಿನದ ಮದುವೆಗೆ ಹೊರಡಬೇಕಾಗಿತ್ತು.

ನಾನು ಸಾಹುಕಾರರ ಮುಂದೆ ನಿಂತು ಕೇಳಿದೆ. ಅವರು ಲೆಕ್ಕ ನೋಡುತ್ತಾ ತಲೆಯೆತ್ತಲಿಲ್ಲ.

"ಸತ್ತೋನ್ಗೆ ಕಿವಿ ಕೇಳ್ಸುತ್ತಾ? ನಾಳಿದ್ದು ಓಗಿ ಕೈ ಮುಗ್ಕಂಡು ಬಾ."

"ಮಣ್ಗಿಡೋದು ಇವತ್ತು ಸಾ. ಇವತ್ತು ಚಪ್ರದ್ ಶಾಸ್ತ್ರ ಅಷ್ಟೇಯ. ಎರಡ್ನೇ ಕಾರ್ನೆಟ್ನೋನು ಊದ್ತಾನೆ. ನಾಳೆ ಮೆರವಣಿಗೆ ಒತ್ಗೆ ನಾನು ಯಳಂದೂರ್ನಲ್ಲಿ ಇರ್ತೀನಿ."

"ಎಣದ್ ಮುಂದೆ ಊದಕ್ಕೆ ನಾನು ಬ್ಯಾಂಡ್ ಇಟ್ಟಿಲ್ಲ ಕಣ್ಲಾ. ಓಗು, ಕೋಟ್ ಆಕೋ."

ನಾನು ಕೋಟು ಹಾಕಲಿಲ್ಲ. ಕಾರ್ನೆಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ಅಳಿಯನ ಜೊತೆ ರಾಮಾಪುರದ ಬಸ್ಸು ಹತ್ತಿದೆ. ಅದು ಸಾಹುಕಾರರ ಸೊತ್ತು, ನನಗೆ ಗೊತ್ತಿತ್ತು. ಆದರೆ ಅದರೊಳಗಿದ್ದ ಉಸಿರು ಮೇಷ್ಟ್ರದ್ದು ಅನ್ನುವುದೂ ಗೊತ್ತಿತ್ತು. ಇವತ್ತೂ ಅದರಲ್ಲಿ ತಪ್ಪು ಮಾಡಿದೆ ಅಂತ ನನಗೆ ಅನ್ನಿಸಿಲ್ಲ.

ರಾಮಾಪುರದಿಂದ ಮುಂದಕ್ಕೆ ಎತ್ತಿನ ಗಾಡಿಯಲ್ಲಿ ಹೋದೆವು. ನಾವು ತಲುಪುವ ಹೊತ್ತಿಗೆ ಬಿಸಿಲು ಇಳಿದಿತ್ತು. ಹೆಂಚಿನ ಸಣ್ಣ ಚರ್ಚಿನ ಹಿಂದೆ ಕೆಂಪು ಮಣ್ಣಿನ ಗುಂಡಿ. ಪೆಟ್ಟಿಗೆ ಇಳಿಸುವಾಗ ಮಿಲಿಟರಿಯಲ್ಲಿ ಸತ್ತವರಿಗೆ ಊದುವ ಮಟ್ಟನ್ನು, ಅವರೇ ಕಲಿಸಿದ್ದನ್ನು ಊದಿದೆ. ಅದು ಮುಗಿದ ಮೇಲೂ ಜನ ಕದಲಲಿಲ್ಲ. ಮೇಷ್ಟ್ರ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ಆಗ ಅವ್ವನ ಪದವನ್ನೂ ಊದಿದೆ. ಆ ಹಳ್ಳಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ಪದದ ಮಾತೂ ಗೊತ್ತಿರಲಿಲ್ಲ. ಆದರೂ ಕೇಳಿದರು. ಅಷ್ಟು ಚೆನ್ನಾಗಿ ನಾನು ಅದರ ಹಿಂದೆಯೂ ಊದಿರಲಿಲ್ಲ, ಮುಂದೆ ಊದುವ ಪ್ರಶ್ನೆಯೇ ಬರಲಿಲ್ಲ.

ಮಾರನೇ ದಿನ ಮೊದಲ ಬಸ್ಸಿಗೆ ಹೊರಟು ಯಳಂದೂರು ಸೇರಿದೆ. ಬಸ್ಸಿಳಿಯುವಾಗಲೇ ಬೀದಿಯಲ್ಲಿ ಬ್ಯಾಂಡಿನ ಸದ್ದು ಕೇಳುತ್ತಿತ್ತು. ಹೂವು ಕಟ್ಟಿದ ಕಾರಿನಲ್ಲಿ ಗಂಡು ಹೆಣ್ಣು, ಅವರ ಮುಂದೆ ನಮ್ಮವರು. ಎರಡನೇ ಕಾರ್ನೆಟ್ಟಿನವನು ನನ್ನ ಮಟ್ಟಿನ ಮೇಲಿನ ಸ್ವರ ಹಿಡಿಯಲಾರದೆ ಒದ್ದಾಡುತ್ತಿದ್ದ. ನಾನು ಕೋಟಿಲ್ಲದೆ, ದಾರಿಯ ಧೂಳಿನ ಅಂಗಿಯಲ್ಲೇ ಸಾಲಿಗೆ ನುಗ್ಗಿ ನನ್ನ ಜಾಗದಲ್ಲಿ ನಿಂತು ಊದಲು ಶುರುಮಾಡಿದೆ. ಸ್ನೇಹಿತ ಕ್ಲಾರಿನೆಟ್ಟಿನ ಮೇಲಿನಿಂದ ಕಣ್ಣು ಹಾಯಿಸಿ ನಕ್ಕ. ಮಟ್ಟು ನೆಟ್ಟಗಾಯಿತು. ಜನರೂ ತಿರುಗಿ ನೋಡಿದರು.

ಸಾಹುಕಾರರು ಕಾರಿನ ಪಕ್ಕ ಮದುವೆಯ ಮನೆಯವರ ಜೊತೆ ನಡೆದು ಬರುತ್ತಿದ್ದರು. ನನ್ನನ್ನು ನೋಡಿ ಜನರನ್ನು ಸರಿಸಿಕೊಂಡು ಬಂದರು. ಕೈಯಲ್ಲಿ ಬೆಳ್ಳಿ ಹಿಡಿಯ ಬೆತ್ತ.

"ಎಣದ್ ಮುಂದೆ ಊದಿದ್ದ ತಂದು ಮದ್ವೆ ಮುಂದೆ ಊದ್ತೀಯೇನ್ಲಾ, ಕಳ್ ನನ್ಮಗ್ನೆ!"

ಹೇಳುತ್ತಲೇ ಕಾರ್ನೆಟ್ಟಿನ ಅಗಲವಾದ ಬಾಯಿಗೆ ಎದುರಿನಿಂದ ಬೆತ್ತದ ಹಿಡಿಯನ್ನು ಬೀಸಿ ಹೊಡೆದರು. ನಾನು ಊದುತ್ತಿದ್ದೆ. ಹಿತ್ತಾಳೆಯ ಬಟ್ಟಲು ತುಟಿಯನ್ನು ಸೀಳಿಕೊಂಡು ಹಲ್ಲಿಗೆ ಬಡಿಯಿತು. ಮೇಲಿನ ಮುಂದಿನ ಎರಡು ಹಲ್ಲು ಬುಡದ ತನಕ ಮುರಿದವು. ನೋವು ಆಮೇಲೆ ಬಂತು. ಮೊದಲು ಬಂದದ್ದು ಬಾಯಿ ತುಂಬ ಬೆಚ್ಚಗಿನ ಉಪ್ಪು.

ಸಾಹುಕಾರರು ಕಾರ್ನೆಟ್ಟನ್ನು ಕಿತ್ತುಕೊಂಡರು. ತಮ್ಮ ಅಂಗವಸ್ತ್ರದಲ್ಲೇ ರಕ್ತ ಒರೆಸಿದರು. ಎರಡನೆಯವನ ಕೈಯಲ್ಲಿದ್ದದ್ದು ಹಳೆಯದು, ಸೋರುತ್ತಿತ್ತು. ಅದನ್ನು ಇಸಿದುಕೊಂಡು ನನ್ನದನ್ನು ಅವನ ಕೈಗೆ ಕೊಟ್ಟು, "ಊದ್ಲಾ," ಅಂದರು. ಹೆಣದ ಮುಂದೆ ಊದಿದ ಮೈಲಿಗೆ ಅಷ್ಟರಲ್ಲೇ ಹೋಗಿತ್ತು.

ಬ್ಯಾಂಡು ನಿಲ್ಲಲಿಲ್ಲ. ಇದನ್ನು ನಾನು ಎಷ್ಟೋ ಸಲ ನೆನಸಿಕೊಂಡಿದ್ದೇನೆ. ಡ್ರಮ್ಮಿನವನು ಒಂದು ಪೆಟ್ಟನ್ನೂ ತಪ್ಪಿಸಲಿಲ್ಲ. ನಾನು ಬಾಯಿ ಹಿಡಿದುಕೊಂಡು ಚರಂಡಿಯ ಅಂಚಿಗೆ ಕುಸಿಯುವಾಗ ನನ್ನ ಸ್ವರಗಳನ್ನು ಸ್ನೇಹಿತನ ಕ್ಲಾರಿನೆಟ್ಟು ಎತ್ತಿಕೊಂಡಿತ್ತು. ಅವನು ಒಂದು ಸಲ ನನ್ನ ಕಡೆ ನೋಡಿದ, ಆಮೇಲೆ ಮುಂದೆ ನೋಡಿದ. ಎಲ್ಲರೂ ಹೆಜ್ಜೆ ಹಾಕುತ್ತಾ ನನ್ನನ್ನು ದಾಟಿ ಹೋದರು. ಹೂವಿನ ಕಾರು ದಾಟಿತು. ಕೊನೆಗೆ ಸೋಡಾ ಅಂಗಡಿಯ ಹೆಂಗಸು ಒಂದು ಬಾಟಲಿ ನೀರು ತಂದು, "ಬಾಯ್ ಮುಕ್ಕಳ್ಸಣ್ಣ," ಅಂದಳು.

ಆಸ್ಪತ್ರೆಯಲ್ಲಿ ಉಳಿದ ಬುಡಗಳನ್ನು ಕಿತ್ತರು, ತುಟಿಗೆ ಹೊಲಿಗೆ ಹಾಕಿದರು. ಮನೆಗೆ ಬಂದಾಗ ಅಪ್ಪ ನನ್ನ ಮುಖ ನೋಡಿ ಏನೋ ಅನ್ನುತ್ತಾನೆ ಎಂದುಕೊಂಡಿದ್ದೆ. ಅವ್ವ ತೀರಿಕೊಂಡು ಆಗಲೇ ಒಂದು ವರ್ಷವಾಗಿತ್ತು. ಹೆಂಡತಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ಅಪ್ಪನೇ ರಾಗಿ ಗಂಜಿ ಕಾಯಿಸಿ ಆರಿಸಿ ತಂದ. ಪಕ್ಕದಲ್ಲಿ ಕೂತು, ನಾನು ಗಂಜಿ ಕುಡಿದ ಲೋಟವನ್ನು ಇಸಿದುಕೊಳ್ಳುತ್ತಾ, "ವಾಲಗವಾದ್ರೂ ಊದಕ್ಕಾಗುತ್ತೇನ್ಲಾ?" ಎಂದು ಕೇಳಿದ. ನಾಗಸ್ವರಕ್ಕೂ ಹಲ್ಲಿನ ಒತ್ತು ಬೇಕು, ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವನು ಎದ್ದು ಹೊರಗೆ ಹೋದ.

ಮೈಸೂರಿಗೆ ಹೋಗಿ ಹಲ್ಲು ಕಟ್ಟಿಸಿಕೊಂಡು ಬಂದೆ. ಊಟಕ್ಕೆ ಪರವಾಗಿರಲಿಲ್ಲ. ಸ್ನೇಹಿತ ಯಾರಿಗೂ ಗೊತ್ತಾಗದ ಹಾಗೆ ಗೋಡೌನಿನಿಂದ ಆ ಹಳೇ ಕಾರ್ನೆಟ್ಟನ್ನು ತಂದು ಕೊಟ್ಟ. ತುಟಿಗಿಟ್ಟು ಒತ್ತಿದರೆ ಕಟ್ಟಿದ ಹಲ್ಲು ಅಲ್ಲಾಡಿತು. ಹೊಲಿಗೆ ಹಾಕಿದ ಕಡೆ ತುಟಿ ಮರದ ಹಾಗೆ ಮರಗಟ್ಟಿತ್ತು. ಗಾಳಿ ಹೋಯಿತು, ಸ್ವರ ಬರಲಿಲ್ಲ. ನಾಲ್ಕಾರು ತಿಂಗಳು ಹಾಗೇ ಪ್ರಯತ್ನಪಟ್ಟೆ. ಆಮೇಲೆ ಬಿಟ್ಟು, ಬೀದಿಯ ಮೂಲೆಯಲ್ಲಿ ಕುರ್ಚಿ, ಕನ್ನಡಿ ಇಟ್ಟು ಕ್ಷೌರದ ಅಂಗಡಿ ತೆರೆದೆ.

ಒಂದು ದಿನ ಸಾಹುಕಾರರ ಕಡೆಯಿಂದ ಮಾತು ಬಂತು. ಸ್ನೇಹಿತನೇ ತಂದ. ಸಿನಿಮಾ ಹಾಡುಗಳನ್ನು ಬ್ಯಾಂಡಿಗೆ ಇಳಿಸುವವರು ಯಾರೂ ಇಲ್ಲ, ಪಕ್ಕದೂರಿನ ಸೆಟ್ಟಿನವರು ಮುಂದೆ ಹೋಗುತ್ತಿದ್ದಾರೆ, ನಾನು ಬಂದು ಬರೆದುಕೊಡಬೇಕಂತೆ. ಆದದ್ದು ಆಗಿಹೋಯಿತಂತೆ. ಹೆಂಡತಿ ಕೆರಳಿದಳು.

"ಬಾಯ್ ಮುರ್ದೋನ್ ಬಾಗ್ಲಿಗೆ ಓಯ್ತೀರಾ? ನಾಚ್ಕೆ ಆಗಲ್ವಾ ನಿಮ್ಗೆ?"

"ಅವ್ನ ಬಾಗ್ಲಿಗಲ್ಲ ಕಣೆ. ಬ್ಯಾಂಡ್ಗೆ."

"ಬ್ಯಾಂಡು ಯಾರ್ದು ಮತ್ತೆ?"

ಆದರೂ ಹೋದೆ. ಬೇರೆಲ್ಲೂ ನನಗೆ ಸಂಗೀತವಿರಲಿಲ್ಲ, ಅಷ್ಟೇ. ಹೋಟೆಲಿನ ರೇಡಿಯೋದಲ್ಲಿ, ಟೂರಿಂಗ್ ಟಾಕೀಸಿನಲ್ಲಿ ಹೊಸ ಹಾಡು ಕೇಳಿಕೊಂಡು ಬಂದು, ಐದು ಗೆರೆ ಎಳೆದು ಒಬ್ಬೊಬ್ಬರ ಪಾಲನ್ನೂ ಬರೆಯುತ್ತಿದ್ದೆ. ಓದಲು ಬಾರದವರಿಗೆ ಬಾಯಿಂದ ಹೇಳಿಕೊಡುತ್ತಿದ್ದೆ. ಮೂರೂವರೆ ನಿಮಿಷದ ಹಾಡನ್ನು ಒಂದು ಬೀದಿಯ ಉದ್ದಕ್ಕೆ ಎಳೆಯುವುದು ಹೇಗೆ, ಪಿಟೀಲಿನ ಸಾಲನ್ನು ಎರಡು ಕ್ಲಾರಿನೆಟ್ಟಿಗೆ ಒಡೆಯುವುದು ಹೇಗೆ, ಊದುವವನಿಗೆ ಉಸಿರೆಳೆಯಲು ಎಲ್ಲಿ ಜಾಗ ಬಿಡುವುದು, ಇದೆಲ್ಲ ನನಗೆ ಬರುತ್ತಿತ್ತು. ಕೆಲವು ಸಲ ಗೋಡೌನಿನಲ್ಲಿ ನಾಲ್ಕು ಪಾಲೂ ಸರಿಯಾಗಿ ಕೂಡಿಬಿಟ್ಟಾಗ ಹಲ್ಲು ಮರೆತುಹೋಗುತ್ತಿತ್ತು. ಆದರೆ ಬ್ಯಾಂಡು ಬೀದಿಗಿಳಿದಾಗ ನಾನು ಹಿಂದೆ ಉಳಿಯುತ್ತಿದ್ದೆ. ಕೋಟು ನನಗಿರಲಿಲ್ಲ. ಕಿಟಕಿಯಲ್ಲಿ ನಿಂತು, ಸದ್ದು ಬೀದಿಯ ತಿರುವು ದಾಟುವ ತನಕ ಕೇಳಿ, ಅಂಗಡಿಗೆ ಹೋಗಿ ಕತ್ತಿ ಮಸೆಯುತ್ತಿದ್ದೆ. ಅರವತ್ತರ ದಶಕ ನನಗೆ ಹೀಗೆ ಕಳೆಯಿತು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಾಗ ಕೊಳ್ಳೇಗಾಲದಲ್ಲೂ ಸಂಭ್ರಮ ನಡೆಯಿತು. ಒಂದು ಸಭೆಯಲ್ಲಿ ಸಾಹುಕಾರರಿಗೆ ಸಂಗೀತ ಸೇವೆಗಾಗಿ ಶಾಲು ಹೊದಿಸುತ್ತಾರೆ ಎಂದು ಗೊತ್ತಾಯಿತು. ಹೋಗಬಾರದು ಎಂದುಕೊಂಡಿದ್ದವನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ವೇದಿಕೆಯ ಒಂದು ಪಕ್ಕ ಬ್ಯಾಂಡು ನಿಂತಿತ್ತು. ಮೊದಲು ಅವ್ವನ ಪದ ಊದಿದರು. ಅವ್ವ ನಿಲ್ಲಿಸುತ್ತಿದ್ದ ಕಡೆ ನಿಲ್ಲಿಸದೆ ಒಂದೇ ಓಟದಲ್ಲಿ ಊದಿ ಮುಗಿಸಿದರು. ಜನ ಚಪ್ಪಾಳೆ ಹೊಡೆದರು.

ಶಾಲು ಹೊದ್ದ ಸಾಹುಕಾರರು ಮೈಕಿನ ಮುಂದೆ ಬಂದರು. "ಈ ಮಟ್ಟು ನನಗೆ ಹೇಗೆ ಹೊಳೆಯಿತು ಅಂತ ಬಹಳ ಜನ ಕೇಳುತ್ತಾರೆ," ಎಂದು ಪುಸ್ತಕದ ಕನ್ನಡದಲ್ಲಿ ಶುರುಮಾಡಿದರು. "ನಾನು ಚಿಕ್ಕವನಾಗಿದ್ದಾಗ ನಮ್ಮ ತಾಯಿಯವರು ಬೆಳಗಿನ ಹೊತ್ತು ರಾಗಿ ಬೀಸುತ್ತಾ ಈ ಪದವನ್ನು ಹಾಡುತ್ತಿದ್ದರು. ಆ ತಾಯಿಯ ಋಣವನ್ನು ತೀರಿಸಲು ಇದನ್ನು ರಚಿಸಿದೆ."

ಅವರ ತಾಯಿಯನ್ನು ನಾನು ನೋಡಿದ್ದೇನೆ. ಒಳ್ಳೆಯ ಹೆಂಗಸು, ಕೈತುಂಬ ಬಳೆ, ಬೀಸುವ ಕಲ್ಲಿನ ಗೂಟವನ್ನು ಒಂದು ದಿನ ಮುಟ್ಟಿದವರಲ್ಲ. ಆ ಮನೆಯ ಹಿತ್ತಿಲಿನಲ್ಲಿ ಬೀಸುತ್ತಿದ್ದವಳು ನಮ್ಮವ್ವ. ಸಾಹುಕಾರರು ಅಲ್ಲೇ ಕೂತು ಕೇಳಿರಲೂ ಸಾಕು. ನನ್ನ ಮಟ್ಟನ್ನು ತೆಗೆದುಕೊಂಡಿದ್ದಕ್ಕೆ ನಾನು ಎಂದೋ ಒಗ್ಗಿಹೋಗಿದ್ದೆ. ನಮ್ಮವ್ವನನ್ನೇ ಎತ್ತಿಕೊಂಡು ಹೋಗುತ್ತಾರೆ ಎಂದು ತಿಳಿದಿರಲಿಲ್ಲ.

ನಾನು ಎದ್ದು ನಿಂತೆ. "ಅದು ನಮ್ಮವ್ವ!" ಎಂದು ಕೂಗಿದೆ. "ಬೀಸಿದ್ದು ನಮ್ಮವ್ವ, ನಿಮ್ಮವ್ವ ಅಲ್ಲ!"

ಕೂಗುವ ರಭಸಕ್ಕೆ ಕಟ್ಟಿಸಿದ ಹಲ್ಲು ಜಾರಿ ನಾಲಗೆಯ ಮೇಲೆ ಬಿತ್ತು. ಮಾತು ಪುಸಪುಸ ಎಂದು ಗಾಳಿಯಾಗಿ ಹೋಯಿತು. ಯಾರಿಗೂ ಅರ್ಥವಾಗಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕರು. ಸಾಹುಕಾರರು ಕೈಯಡ್ಡ ಮಾಡಿ ಕತ್ತಲಿನ ಕಡೆ ನೋಡುವವರ ಹಾಗೆ ನೋಡಿ, "ಯಾರೋ ಆಕಂಡು ಬಂದವ್ನೆ, ಒರ್ಗೆ ಕಳ್ಸಿ," ಎಂದು ಮೈಕಿನಲ್ಲೇ ಅಂದರು. ಅದಕ್ಕೂ ಜನ ನಕ್ಕರು. ಬ್ಯಾಡ್ಜು ಸಿಕ್ಕಿಸಿಕೊಂಡ ಇಬ್ಬರು ನನ್ನ ರಟ್ಟೆ ಹಿಡಿದು ಬಾಗಿಲ ತನಕ ಕರೆತಂದು ಬಿಟ್ಟರು. ನಾನು ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದೆ. ವೇದಿಕೆಯ ಮೇಲೆ ಸ್ನೇಹಿತ ಕ್ಲಾರಿನೆಟ್ಟಿನ ಬೆರಳುಗಂಡಿಗಳನ್ನು ಒರೆಸುತ್ತಾ ತಲೆ ತಗ್ಗಿಸಿ ನಿಂತಿದ್ದ.

ಅದಾದ ಮೇಲೆ ನಾನು ಒಂದು ಸ್ವರವನ್ನೂ ಬರೆದುಕೊಡಲಿಲ್ಲ. ಹೇಳಿ ಕಳಿಸಿದರು, ಹೋಗಲಿಲ್ಲ. ಹೆಂಡತಿ, "ಈಗ್ಲಾದ್ರೂ ಬುದ್ಧಿ ಬಂತಲ್ಲ," ಅಂದಳು. ಅಂದ ಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ಬ್ಯಾಂಡಿನ ಕಾಲವೂ ಮುಗಿಯುತ್ತಾ ಬಂದಿತ್ತು. ಮದುವೆಯ ಮನೆಗಳಿಗೆ ಮೈಕ್ ಸೆಟ್ಟಿನವರು ಬಂದು ಮರಕ್ಕೆ ಲೌಡ್‌ಸ್ಪೀಕರ್ ಕಟ್ಟಿ ರೆಕಾರ್ಡು ಹಾಕುತ್ತಿದ್ದರು. ಸಾಹುಕಾರರಿಗೆ ಒಂದು ಕಡೆ ಸ್ವಾಧೀನ ತಪ್ಪಿ, ಹಾಸಿಗೆಯಲ್ಲೇ ಒಂದಿಷ್ಟು ಕಾಲ ಇದ್ದು ತೀರಿಹೋದರು. ನನಗೆ ಸಂತೋಷವಾಗಲಿಲ್ಲ, ದುಃಖವೂ ಆಗಲಿಲ್ಲ. ಮಕ್ಕಳು ವಾದ್ಯಗಳನ್ನು ಪಾತ್ರೆ ವ್ಯಾಪಾರಿಗೆ ತೂಕಕ್ಕೆ ಕೊಟ್ಟರು ಎಂದು ಗಿರಾಕಿಯೊಬ್ಬರು ಹೇಳಿದರು. ನಾನು ಅವರ ಗದ್ದ ಹಿಡಿದು ಕೆರೆಯುತ್ತಿದ್ದೆ, ಹೂಂ ಅಂದೆ.

ಎಪ್ಪತ್ತರ ದಶಕದ ಕೊನೆಗೆ ನಂಟರ ಮನೆಗೆಂದು ಹನೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಸ್ನೇಹಿತ ಸಿಕ್ಕಿದ. ಅವನು ಊರು ಬಿಟ್ಟು ರಾಮಾಪುರದ ಕಡೆ ಮಗಳ ಮನೆ ಸೇರಿದ್ದ. ಕೆಮ್ಮುತ್ತಿದ್ದ. ನಾವು ಬೆಂಚಿನ ಮೇಲೆ ಕೂತು ಟೀ ಹೇಳಿದೆವು. ಅದು ಇದು ಮಾತಾಡಿದ ಮೇಲೆ ಅವನು ಲೋಟವನ್ನು ಕೆಳಗಿಟ್ಟ.

"ಯಳಂದೂರ್ನಲ್ಲಿ ಅವತ್ತು ನಾನು ಊದೋದ ನಿಲ್ಲುಸ್ಬೇಕಾಗಿತ್ತು ಕಣ್ಲಾ."

ನಾನು ಟೀ ಒಂದು ಗುಟುಕು ಕುಡಿದೆ.

"ನಿಲ್ಸಿದ್ರೆ ನನ್ನೂ ಓಡುಸ್ಬುಡೋರು. ಮೂರು ಮಕ್ಳು ನಂಗಾಗ."

"ಗೊತ್ತು."

"ಆದ್ರೂ ನಿಲ್ಲುಸ್ಬೇಕಾಗಿತ್ತು."

"ಊಂ," ಅಂದೆ. "ನಿಲ್ಲುಸ್ಬೇಕಾಗಿತ್ತು."

ಅವನು ನನ್ನ ಮುಖ ನೋಡಿದ. ಹೋಗಲಿ ಬುಡ್ಲಾ, ಆದದ್ದಾಯ್ತು ಎಂದು ನಾನು ಹೇಳುತ್ತೇನೆ ಎಂದು ಕಾದಿದ್ದ. ಆ ಮಾತು ನನ್ನ ಬಾಯಿಗೆ ಬಂದಿತ್ತು ಕೂಡ. ಆದರೆ ಹೇಳಬೇಕು ಅನ್ನಿಸಲಿಲ್ಲ. ಅಷ್ಟರಲ್ಲಿ ಅವನ ಬಸ್ಸು ಬಂತು. ಅವನು ಕಂಬಿ ಹಿಡಿದು ಕಷ್ಟಪಟ್ಟು ಹತ್ತಿ, ಕಿಟಕಿಯ ಪಕ್ಕ ಕೂತು ನನ್ನ ಕಡೆಗೇ ನೋಡುತ್ತಿದ್ದ. ನಾನು ಕೈಯೆತ್ತಲಿಲ್ಲ. ಬಸ್ಸು ಹೊರಟಿತು. ಕೊಳ್ಳೇಗಾಲದ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಇನ್ನೊಂದು ಟೀ ಹೇಳಿ ಅಲ್ಲೇ ಕೂತೆ.